ಕನ್ಸಾಯ್ ಕೋಟೆಗಳನ್ನು ಬುಡದಿಂದ ನೋಡುವುದು

ಜಪಾನಿಗೆ ಹೋಗಿ ಬಂದವರ ಫೋನಿನಲ್ಲಿ ಒಂದು ಕೋಟೆಯ ಚಿತ್ರವಂತೂ ಇದ್ದೇ ಇರುತ್ತದೆ. ಬಿಳಿ ಗೋಡೆ, ಮೇಲೇರಿದಂತೆ ಕಿರಿದಾಗುವ ಹೆಂಚಿನ ಸೂರುಗಳು, ಮುಂದೆ ಹೂಬಿಟ್ಟ ಚೆರ್ರಿ ಮರ. ಆ ಕಟ್ಟಡಕ್ಕೆ ತೆನ್‌ಶು ಎಂದು ಹೆಸರು. ಕೋಟೆ ಎಂದರೆ ಅದೇ ಎಂದುಕೊಂಡು ಜನ ನೇರ ಅದರ ಬಾಗಿಲಿಗೆ ನಡೆಯುತ್ತಾರೆ, ಹತ್ತಿ ಇಳಿಯುತ್ತಾರೆ, ಒಂದು ಗಂಟೆಯಲ್ಲಿ ಹೊರಗೆ ಬರುತ್ತಾರೆ. ಕಟ್ಟಿದವರ ಲೆಕ್ಕದಲ್ಲಿ ತೆನ್‌ಶು ಕೊನೆಯ ಕೆಲಸ. ಅದಕ್ಕೂ ಮೊದಲು ಗುಡ್ಡ ಕಡಿದು ಮಟ್ಟ ಮಾಡಬೇಕು, ಕಂದಕ ತೋಡಬೇಕು, ಕಲ್ಲು ಕಟ್ಟಬೇಕು, ದಾರಿಯನ್ನು ಬೇಕೆಂದೇ ಸುತ್ತು ಹಾಕಿಸಬೇಕು. ತೆನ್‌ಶು ಇಲ್ಲದ ಕೋಟೆಗಳು ಎಷ್ಟೋ ಇದ್ದವು; ಸುತ್ತುಗಳಿಲ್ಲದ ಕೋಟೆ ಇರಲಿಲ್ಲ. ಆದ್ದರಿಂದ ಇವತ್ತು ಬುಡದಿಂದ ಶುರು ಮಾಡೋಣ.

ಸೀಮೆ ಕನ್ಸಾಯ್: ಒಸಾಕಾ, ಕ್ಯೋಟೋ, ನಾರಾ, ಹ್ಯೋಗೊ, ಶಿಗಾ, ವಾಕಯಾಮಾ. ಇದನ್ನೇ ಆರಿಸಿದ್ದಕ್ಕೆ ಕಾರಣ ಸರಳ. ಜಪಾನೀ ಕೋಟೆಯ ಎಲ್ಲ ಅವಸ್ಥೆಗಳೂ ಇಲ್ಲಿ ಒಂದೇ ರೈಲುಹಾದಿಯ ಆಸುಪಾಸಿನಲ್ಲಿ ಸಿಗುತ್ತವೆ. ಹಳೆಯ ಮರದ ತೆನ್‌ಶು ಹಾಗೇ ಉಳಿದದ್ದು ಇಡೀ ದೇಶದಲ್ಲಿ 12. ಅವುಗಳಲ್ಲಿ 5ಕ್ಕೆ ರಾಷ್ಟ್ರೀಯ ನಿಧಿ ಎಂಬ ಮಾನ್ಯತೆ. ಆ ಐದರಲ್ಲಿ ಹಿಮೇಜಿ, ಹಿಕೋನೆ ಎರಡೂ ಇಲ್ಲಿಯವೇ. ಕಾಂಕ್ರೀಟಿನಲ್ಲಿ ಮತ್ತೆ ಎದ್ದ ಒಸಾಕಾ ಇಲ್ಲಿದೆ. ಕಲ್ಲು ಬಿಟ್ಟರೆ ಏನೂ ಉಳಿಯದ ಅಜೂಚಿ, ತಾಕೆದಾ ಇಲ್ಲಿವೆ.

ಉಳಿದ ಕೋಟೆಗಳು ಎಲ್ಲಿ ಹೋದವು? ಮೂರು ಹೊಡೆತ ಬಿದ್ದವು. 1615ರಲ್ಲಿ ಆಗ ದೇಶವಾಳುತ್ತಿದ್ದ ತೊಕುಗಾವಾ ಮನೆತನದ ಆಡಳಿತ ಒಂದು ಸಂಸ್ಥಾನಕ್ಕೆ ಒಂದೇ ಕೋಟೆ ಎಂದು ಆಜ್ಞೆ ಮಾಡಿತು. ನೂರಾರು ಕೋಟೆಗಳನ್ನು ಕೆಡವಿದರು. 1873ರಲ್ಲಿ, ತೊಕುಗಾವಾ ಆಳ್ವಿಕೆ ಹೋದ ಮೇಲೆ ಬಂದ ಮೆಯಿಜಿ ಸರ್ಕಾರ ಸೇನೆಗೆ ಬೇಡದ ಕೋಟೆಗಳನ್ನು ವಿಲೇವಾರಿ ಮಾಡಿತು. ಮರ, ಹೆಂಚು ಹರಾಜಾದವು. 1945ರ ಬಾಂಬ್ ದಾಳಿಗಳು ಮೂರನೆಯದು. ವಾಕಯಾಮಾದ ತೆನ್‌ಶು ಆ ವರ್ಷದ ಜುಲೈಯಲ್ಲಿ ಸುಟ್ಟುಹೋಯಿತು, ಈಗ ನಿಂತಿರುವುದು 1958ರ ಕಾಂಕ್ರೀಟು.

ಹೆಸರುಗಳ ಬಗ್ಗೆ ಒಂದು ಮಾತು. ನಕಾಶೆಯಲ್ಲಿ ಹೋನ್‌ಮಾರು, ನಿನೊಮಾರು, ಸನ್ನೊಮಾರು ಎಂದಿರುತ್ತದೆ. ಮಾರು ಎಂದರೆ ದುಂಡು. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಎನ್ನುವಾಗ ನಾವು ಬಳಸುವ ‘ಸುತ್ತು’ ಇದಕ್ಕೆ ಸರಿಯಾಗಿ ಕೂರುತ್ತದೆ. ಹೋನ್‌ಮಾರು ಮುಖ್ಯ ಒಳಸುತ್ತು, ನಿನೊಮಾರು ಎರಡನೆಯದು, ಸನ್ನೊಮಾರು ಮೂರನೆಯದು.

ಈಗ ಕಲ್ಲು. ಗೋಡೆಯ ಮುಂದೆ ನಿಂತು ಮೂರು ಜಾಗ ನೋಡಿದರೆ ಸಾಕು: ಕಲ್ಲಿನ ಮುಖ, ಕಲ್ಲುಗಳ ನಡುವಿನ ಸಂದು, ಗೋಡೆಯ ಮೂಲೆ. ಮುಖವನ್ನು ಉಳಿ ಮುಟ್ಟೇ ಇಲ್ಲ, ಬೆಟ್ಟದಿಂದ ತಂದಂತೆ ಪೇರಿಸಿದ್ದಾರೆ, ಸಂದಿಗೆ ಚಿಕ್ಕ ಕಲ್ಲು ತುರುಕಿದ್ದಾರೆ ಎಂದಾದರೆ ಅದು ನೊಜುರಾಜುಮಿ; ಸಾಮಾನ್ಯವಾಗಿ ಹಳೆಯದು. ಅಂಚು ಮತ್ತು ಮುಖವನ್ನು ಸುತ್ತಿಗೆಯಿಂದ ತಟ್ಟಿ ಕೂರಿಸಿ, ಉಳಿದ ಸಂದಿಗಷ್ಟೇ ಚೂರು ತುಂಬಿದ್ದರೆ ಉಚಿಕೊಮಿಹಾಗಿ; 1600ರ ಆಸುಪಾಸಿನಲ್ಲಿ ಇದು ಎಲ್ಲೆಡೆ ಹರಡಿತು. ಚಾಕು ತೂರದಂತೆ ಕಡೆದು ಕೂರಿಸಿದ್ದರೆ ಕಿರಿಕೊಮಿಹಾಗಿ. ಇನ್ನೂ ಈಚಿನದು, ದುಬಾರಿ, ಆದ್ದರಿಂದ ಹೆಬ್ಬಾಗಿಲಿನಂಥ ತೋರಿಕೆಯ ಜಾಗಗಳಲ್ಲಿ ಹೆಚ್ಚು. ಈ ಕ್ರಮವನ್ನು ಕಣ್ಣುಮುಚ್ಚಿ ನಂಬಬೇಡಿ. ಬಿದ್ದ ಗೋಡೆಯನ್ನು ಇನ್ನೂರು ವರ್ಷದ ಮೇಲೆ ಮತ್ತೆ ಕಟ್ಟಿದಾಗ ಒಂದೇ ಗೋಡೆಯಲ್ಲಿ ಎರಡು ಕೈ ಕಾಣುತ್ತವೆ. ಹಿಕೋನೆಯಲ್ಲಿ ಇದರ ಅಚ್ಚುಕಟ್ಟಾದ ಉದಾಹರಣೆಯಿದೆ, ಅಲ್ಲಿಗೆ ಬರುತ್ತೇನೆ.

ಮೂಲೆಯಲ್ಲಿ ಉದ್ದನೆಯ ಇಟ್ಟಿಗೆಯಾಕಾರದ ಕಲ್ಲುಗಳು ಒಂದು ವರಸೆ ಎಡಕ್ಕೆ, ಮುಂದಿನ ವರಸೆ ಬಲಕ್ಕೆ ಉದ್ದ ಚಾಚಿ ಹೆಣೆದುಕೊಂಡಿದ್ದರೆ ಅದು ಸಾಂಗಿಜುಮಿ. ಮೂಲೆಯೇ ಗೋಡೆಯಲ್ಲಿ ಮೊದಲು ಸೋಲುವ ಜಾಗ. ಈ ಹೆಣಿಗೆ ಪಕ್ವವಾದ ಮೇಲೇ ಗೋಡೆ ಎತ್ತರಕ್ಕೆ ಹೋಗಲು ಸಾಧ್ಯವಾಯಿತು. ಮೂಲೆಗಲ್ಲುಗಳು ಗುಂಡಗುಂಡಗೆ, ಗೊತ್ತುಗುರಿಯಿಲ್ಲದೆ ಕೂತಿದ್ದರೆ ಗೋಡೆ ಹಳೆಯದೆಂದು ಸಾಕಷ್ಟು ಧೈರ್ಯವಾಗಿ ಹೇಳಬಹುದು.

ಕೆಲವು ಕಲ್ಲಿನ ಅಂಚಿನಲ್ಲಿ ಅಂಚೆಚೀಟಿಯ ಹಲ್ಲಿನಂತೆ ಸಾಲು ಗುಳಿಗಳು ಕಾಣುತ್ತವೆ. ಹಂಪಿಯ ಬಂಡೆಗಳ ಮೇಲೆ ಇಂಥವೇ ಗುಳಿಗಳನ್ನು ನೋಡಿದ್ದೀರಿ. ಅದೇ ಉಪಾಯ: ಗುಳಿಗೆ ಬೆಣೆ ಇಟ್ಟು ಸಾಲಾಗಿ ಬಡಿದರೆ ಬಂಡೆ ಗೆರೆ ಹಿಡಿದು ಸೀಳುತ್ತದೆ. ಜಪಾನಿಯಲ್ಲಿ ಇದಕ್ಕೆ ಯಾ-ಅನಾ ಎನ್ನುತ್ತಾರೆ. ಒಮ್ಮೊಮ್ಮೆ ಗುಳಿ ತೋಡಿ, ಸೀಳದೆ ಬಿಟ್ಟ ಕಲ್ಲೂ ಗೋಡೆಯಲ್ಲಿ ಸಿಗುತ್ತದೆ.

ಹೊರಗೆ ಕಾಣುವುದು ಕಲ್ಲಿನ ಮೂತಿ ಮಾತ್ರ. ಕಲ್ಲಿನ ಉದ್ದ ಒಳಕ್ಕೆ ಹೋಗಿರುತ್ತದೆ. ಅದರ ಹಿಂದೆ ಮುಷ್ಟಿಗಾತ್ರದ, ತಲೆಗಾತ್ರದ ಉರುಟುಕಲ್ಲುಗಳ ದಪ್ಪ ಪದರ, ಅದರ ಹಿಂದೆ ಮಣ್ಣು. ಗಾರೆ ಇಲ್ಲ. ಮಳೆನೀರು ಆ ಪದರದಲ್ಲಿ ಇಳಿದು ಸಂದುಗಳಿಂದ ಹೊರಗೆ ಹೋಗಬೇಕು. ಭೂಕಂಪದಲ್ಲಿ ಗೋಡೆ ಸ್ವಲ್ಪ ಅಲುಗಾಡಿ ಮತ್ತೆ ಕೂರಬೇಕು. ವರ್ಷಗಳು ಕಳೆದಂತೆ ಮಣ್ಣು ಸೋರಿ ಉರುಟುಕಲ್ಲಿನ ಸಂದು ಮುಚ್ಚುತ್ತದೆ, ಮರದ ಬೇರು ನುಗ್ಗುತ್ತದೆ, ನೀರು ಒಳಗೇ ನಿಲ್ಲುತ್ತದೆ. ಆಗ ಗೋಡೆಯ ನಡುಭಾಗ ಉಬ್ಬುತ್ತದೆ. ನಾವು ‘ಗೋಡೆ ಹೊಟ್ಟೆ ಬಂದಿದೆ’ ಎನ್ನುವ ಹಾಗೆ ಅವರೂ ಬಸಿರಿನ ಮಾತನ್ನೇ ಬಳಸುತ್ತಾರೆ: ಹಾರಾಮಿ. ಗೋಡೆಯ ಮೇಲೆ ಚಿಕ್ಕ ಗಾಜಿನ ಪಟ್ಟಿಗಳೋ ಅಳತೆಯ ಗುರುತುಗಳೋ ಕಂಡರೆ ಆ ಹೊಟ್ಟೆ ಬೆಳೆಯುತ್ತಿದೆಯೇ ಎಂದು ಕಾಯುತ್ತಿದ್ದಾರೆ ಎಂದರ್ಥ. ಅಂಥ ಗೋಡೆಯ ತುದಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಡಿ.

ಇಷ್ಟು ತಿಳಿದುಕೊಂಡು ಹಿಮೇಜಿಗೆ ಹೋಗೋಣ. ಒಸಾಕಾದಿಂದ ಶಿನ್‌ಕೈಸೊಕು ಎಂಬ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ, ಶಿಂಕನ್‌ಸೆನ್ ಬುಲೆಟ್ ರೈಲು ಬೇಕಿಲ್ಲ. ನಿಲ್ದಾಣದಿಂದ ಹೊರಬಿದ್ದರೆ ಎದುರಿನ ನೇರ ರಸ್ತೆಯ ತುದಿಯಲ್ಲೇ ಕೋಟೆ, ಸುಮಾರು ಒಂದು ಕಿಲೋಮೀಟರ್. ಬೆಳಿಗ್ಗೆ 9ಕ್ಕೆ ತೆರೆಯುತ್ತದೆ, ಕೊನೆಯ ಪ್ರವೇಶ ಸಂಜೆ 4ಕ್ಕೆ. 2026ರ ಮಾರ್ಚಿನಿಂದ ಊರಿನ ನಿವಾಸಿಗಳಲ್ಲದ ವಯಸ್ಕರಿಗೆ ಟಿಕೆಟ್ 1,000ದಿಂದ 2,500 ಯೆನ್‌ಗೆ ಏರಿದೆ. 18 ತುಂಬದವರಿಗೆ ಉಚಿತ. ದುಬಾರಿಯೇ. ಆದರೆ ಈ ಸೀಮೆಯಲ್ಲಿ ದುಡ್ಡು ಕೊಟ್ಟು ನೋಡಲೇಬೇಕಾದ ಕೋಟೆ ಒಂದಿದ್ದರೆ ಇದೇ. ಪೂರ್ತಿ ನೋಡಲು ಮೂರು ಗಂಟೆ ಇಟ್ಟುಕೊಳ್ಳಿ, ಮಧ್ಯಾಹ್ನ 2ರ ನಂತರ ಒಳಹೋಗುವುದು ದಂಡ.

ಈಗಿನ ತೆನ್‌ಶು ಇಲ್ಲಿನ ಸಾಮಂತ ಇಕೆದಾ ತೆರುಮಾಸಾ 1601ರಿಂದ 1609ರ ನಡುವೆ ಕಟ್ಟಿಸಿದ್ದು. ಟಿಕೆಟ್ ಕೊಂಡು ಹಿಶಿ ಬಾಗಿಲು ದಾಟಿದಾಗ ಅದು ಕೈಗೆಟುಕುವಷ್ಟು ಹತ್ತಿರ ಕಾಣುತ್ತದೆ. ಆಟ ಶುರುವಾಗುವುದು ಅಲ್ಲಿಂದ. ಮುಂದಿನ ಬಾಗಿಲುಗಳಿಗೆ ಹಳೆಯ ಜಪಾನೀ ಅಕ್ಷರಮಾಲೆಯ ಕ್ರಮದಲ್ಲಿ ಇ, ರೊ, ಹಾ, ನಿ, ಹೊ ಎಂದು ಹೆಸರಿಟ್ಟಿದ್ದಾರೆ, ನಾವು ಅ ಆ ಇ ಈ ಎಂದಿಟ್ಟ ಹಾಗೆ. ಇ, ರೊ ದಾಟಿ, ಹಾ ಬಾಗಿಲಿನ ಏರು ಹತ್ತಿ ಒಳಗೆ ಕಾಲಿಟ್ಟ ಕೂಡಲೇ ದಾರಿ ಬಂದ ದಿಕ್ಕಿಗೇ ತಿರುಗುತ್ತದೆ. ತೆನ್‌ಶು ಬೆನ್ನಿಗೆ ಬೀಳುತ್ತದೆ. ದಾಳಿ ಮಾಡಿದವನು ಗುರಿಗೆ ಬೆನ್ನು ಹಾಕಿ ನಡೆಯಬೇಕು, ಮೇಲಿನಿಂದ ಗುಂಡು ತಿನ್ನಬೇಕು. ಇನ್ನೂ ಮುಂದೆ ‘ನೀರಿನ ಬಾಗಿಲು’ ಎಂಬ ಸಾಲು ಬರುತ್ತದೆ. ಮೊದಲನೆಯದರಿಂದ ಎರಡನೆಯದಕ್ಕೆ ದಾರಿ ಇಳಿಜಾರು. ತೆನ್‌ಶುವಿನ ಬುಡಕ್ಕೆ ಬಂದ ಮೇಲೆ ಇಳಿಯುವುದೇ? ದಾರಿ ತಪ್ಪಿತೇನೋ ಎಂದು ಒಂದು ಗಳಿಗೆ ಅನುಮಾನ ಬರಲಿ ಎಂಬುದೇ ಲೆಕ್ಕ. ಇವತ್ತಿಗೂ ಇಲ್ಲಿ ನಿಂತು ನಕಾಶೆ ತಿರುಗಿಸಿ ನೋಡುವವರನ್ನು ಕಾಣಬಹುದು.

ಆ ದಾರಿಯುದ್ದಕ್ಕೂ ಗೋಡೆಯಲ್ಲಿ ಕಂಡಿಗಳಿವೆ. ನಿಂತಿರುವ ಉದ್ದ ಆಯತ ಬಿಲ್ಲಿಗೆ, ದುಂಡು, ತ್ರಿಕೋನ, ಚೌಕ ಕಂಡಿಗಳು ಬಂದೂಕಿಗೆ. ಬಿಲ್ಲುಗಾರ ನಿಂತು ಬಾಣ ಬಿಡುತ್ತಾನೆ, ಬಂದೂಕಿನವನು ಮೊಣಕಾಲೂರುತ್ತಾನೆ. ಅದಕ್ಕೇ ಕಂಡಿಗಳ ಎತ್ತರ ಬೇರೆ ಬೇರೆ. ಒಂದು ಕಂಡಿಯ ಒಳಮುಖಕ್ಕೆ ಕೈಯಿಟ್ಟು ನೋಡಿ: ಒಳಗೆ ಅಗಲ, ಹೊರಗೆ ಕಿರಿದು. ಒಳಗಿನವನಿಗೆ ಓರೆಯಾಗಿ ಗುರಿ ಹಿಡಿಯಲು ಜಾಗ, ಹೊರಗಿನವನಿಗೆ ಗುರಿಯೇ ಸಿಗದು. ಇಷ್ಟೆಲ್ಲ ಮಾಡಿಯೂ ಹಿಮೇಜಿ ಈಗಿನ ರೂಪದಲ್ಲಿ ಒಂದು ಮುತ್ತಿಗೆಯನ್ನೂ ಕಾಣಲಿಲ್ಲ.

ತೆನ್‌ಶುವಿನ ವಾಯವ್ಯ ಮಗ್ಗುಲಿನ ಕಲ್ಲುಗೋಡೆಯಲ್ಲಿ ತಂತಿಬಲೆ ಹಾಕಿದ ಒಂದು ಚಿಕ್ಕ ದುಂಡುಕಲ್ಲಿದೆ. ಬೀಸುಕಲ್ಲು. ಇಕೆದಾಗಿಂತ ಮೊದಲು ಇಲ್ಲಿ ಕೋಟೆ ಕಟ್ಟಿಸಿದ ಸೇನಾಧಿಪತಿ ಹಿದೆಯೋಶಿ ಕಲ್ಲು ಸಾಲದೆ ಒದ್ದಾಡುತ್ತಿದ್ದಾಗ ಒಬ್ಬ ಬಡ ಅಜ್ಜಿ ತನ್ನ ಬೀಸುಕಲ್ಲನ್ನೇ ಕೊಟ್ಟಳಂತೆ, ಅದನ್ನು ಕೇಳಿ ಊರವರೆಲ್ಲ ಕಲ್ಲು ತಂದರಂತೆ. ಕತೆ ಹೇಗಾದರೂ ಇರಲಿ, ಕಲ್ಲು ಸಾಲದ್ದಂತೂ ನಿಜ: ಇದೇ ಕೋಟೆಯ ಗೋಡೆಗಳಲ್ಲಿ ಪುರಾತನ ಗೋರಿಗಳ ಕಲ್ಲಿನ ಶವಪೆಟ್ಟಿಗೆಗಳನ್ನೂ ಕಲ್ಲುದೀಪಗಳ ಪೀಠಗಳನ್ನೂ ತುಂಬಿದ್ದಾರೆ. ಬಿಜೆನ್ ಬಾಗಿಲಿನ ಪಕ್ಕದಲ್ಲಿ ಒಂದು ಶವಪೆಟ್ಟಿಗೆ ಅಷ್ಟುದ್ದಕ್ಕೆ ನಿಂತಿದೆ. ಎಲ್ಲರೂ ಅದಕ್ಕೆ ಒರಗಿಕೊಂಡು ನೀರು ಕುಡಿಯುತ್ತಾರೆ, ಯಾರೂ ನೋಡುವುದಿಲ್ಲ.

ಒಳಗೆ ಹೋಗುವಾಗ ಚಪ್ಪಲಿ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೈಯಲ್ಲೇ ಹಿಡಿದುಕೊಳ್ಳಬೇಕು. ಏಣಿಯಂಥ ಮೆಟ್ಟಿಲು, ಒಂದು ಕೈಯಲ್ಲಿ ಚೀಲ: ಇನ್ನೊಂದು ಕೈ ಖಾಲಿ ಇರಲೇಬೇಕು. ನೂರಾರು ವರ್ಷ ಸವೆದ ಹಲಗೆಯ ಮೇಲೆ ನೈಲಾನ್ ಕಾಲುಚೀಲ ಜಾರುತ್ತದೆ, ಚಳಿಗಾಲದಲ್ಲಿ ಬರಿಗಾಲು ಮರಗಟ್ಟುತ್ತದೆ. ದಪ್ಪ ಹತ್ತಿಯ ಕಾಲುಚೀಲ ಸರಿ. ಹೊರಗಿನಿಂದ ಐದು ಸೂರು ಎಣಿಸಿದವರು ಒಳಗೆ ನೆಲಮಾಳಿಗೆ ಸೇರಿ ಏಳು ಹಂತ ಹತ್ತುತ್ತಾರೆ. ಅಷ್ಟನ್ನೂ ಹೊತ್ತಿರುವುದು ನೆಲಮಾಳಿಗೆಯಿಂದ ತುದಿಯ ಮಾಳಿಗೆಯವರೆಗೆ ನಿಂತ, ಸುಮಾರು 24.6 ಮೀಟರ್ ಎತ್ತರದ ಎರಡು ಕಂಬಗಳು. 1956ರಿಂದ 1964ರವರೆಗಿನ ದುರಸ್ತಿಯಲ್ಲಿ ಪಡುವಣ ಕಂಬ ಕೊಳೆತಿದ್ದರಿಂದ ಬದಲಿಸಬೇಕಾಯಿತು. ಕಿಸೊ ಕಾಡಿನಿಂದ ಕಡಿದ ಮರ ಸಾಗಿಸುವಾಗ ಮುರಿಯಿತು; ಹತ್ತಿರದ ದೇಗುಲದ ಬನದಿಂದ ಇನ್ನೊಂದು ಮರ ತಂದು ಎರಡನ್ನೂ ಜೋಡಿಸಿದರು. ಮೂರನೇ ಮಾಳಿಗೆಯಲ್ಲಿ ಆ ಬೆಸುಗೆ ಬರಿಗಣ್ಣಿಗೆ ಕಾಣುತ್ತದೆ. ಮೂಡಣ ಕಂಬದ ಬುಡ ಮಾತ್ರ ಹೊಸದು.

2009ರಲ್ಲಿ ಶುರುವಾಗಿ 2015ರಲ್ಲಿ ಮುಗಿದ ದುರಸ್ತಿಯ ಮೇಲೆ ಕೋಟೆ ತೀರಾ ಬಿಳಿಯಾಯಿತೆಂದು ಜನ ಗೊಣಗಿದರು. ಗೋಡೆಗಷ್ಟೇ ಅಲ್ಲ, ಹೆಂಚಿನ ಸಂದುಗಳಿಗೂ ಶಿಕ್ಕುಯಿ ಗಾರೆ ಬಳಿಯುತ್ತಾರೆ: ಸುಣ್ಣ, ಚಿಪ್ಪಿನ ಸುಣ್ಣ, ಸೆಣಬಿನ ನಾರು, ಕಡಲಪಾಚಿ ಬೇಯಿಸಿದ ಅಂಟು. ನಮ್ಮವರು ಗಾರೆಗೆ ಬೆಲ್ಲದ ನೀರು ಬೆರೆಸುತ್ತಿದ್ದರಲ್ಲ, ಅಂಥದ್ದೇ ಕೈಚಳಕ. ಕೆಲವೇ ವರ್ಷಗಳಲ್ಲಿ ಬೂಷ್ಟು ಹಿಡಿದು ಹೆಂಚಿನ ಗೆರೆಗಳು ಬೂದು ಬಣ್ಣಕ್ಕೆ ತಿರುಗಿದವು, ಗೊಣಗಾಟವೂ ನಿಂತಿತು.

ಹಿಕೋನೆ ಇದಕ್ಕಿಂತ ಚಿಕ್ಕದು, ಮೂರೇ ಮಾಳಿಗೆ. ಇಯಿ ಮನೆತನದ ಕೋಟೆ, 1604ರ ಹೊತ್ತಿಗೆ ಕೆಲಸ ಶುರುವಾಗಿ 1622ಕ್ಕೆ ಮುಗಿಯಿತು. ಬಿವಾ ಸರೋವರದ ದಂಡೆ, ನಿಲ್ದಾಣದಿಂದ ಹದಿನೈದು ನಿಮಿಷದ ನಡಿಗೆ. ದಾರಿಯ ಕುತಂತ್ರದಲ್ಲಿ ಇದು ಹಿಮೇಜಿಯನ್ನೂ ಮೀರಿಸಿದೆ ಎಂಬುದು ನನ್ನ ಅಭಿಪ್ರಾಯ. ಮುಂಬಾಗಿಲಿನಿಂದ ಬರುವ ಏರೂ ಓತೆ ಬಾಗಿಲಿನಿಂದ ಬರುವ ಏರೂ ಒಂದು ಆಳವಾದ ಕೊರಕಲಿಗೆ ಬಂದು ಸೇರುತ್ತವೆ. ಏರಿನ ಮೆಟ್ಟಿಲುಗಳ ಎತ್ತರ, ಅಗಲ ಒಂದರಂತೆ ಇನ್ನೊಂದಿಲ್ಲ. ಓಡುವವನ ಹೆಜ್ಜೆಯ ಲಯ ಕೆಡಲಿ ಎಂದೇ ಹಾಗೆ. ಕೊರಕಲಿನಲ್ಲಿ ತಲೆಯೆತ್ತಿದರೆ ಒಂದು ಮರದ ಸೇತುವೆ. ಅದರ ಅಡಿಯಲ್ಲಿ ಹಾದು, ಬಳಸಿಕೊಂಡು ಮೇಲೆ ಹೋಗಿ, ಆಮೇಲೆ ಅದೇ ಸೇತುವೆಯ ಮೇಲೆ ನಡೆದು ಒಳಸುತ್ತಿಗೆ ಹೋಗಬೇಕು. ಮುತ್ತಿಗೆ ಬಂದರೆ ಸೇತುವೆಯನ್ನು ಕೆಡವಿಬಿಡುವುದು. ಸೇತುವೆಯಾಚೆ ಎರಡು ತುದಿಗೂ ಎರಡು ಬುರುಜಿರುವ ತೆನ್‌ಬಿನ್, ಅಂದರೆ ತಕ್ಕಡಿ ಕಾವಲುಮನೆ. ಅದರ ಬುಡದ ಗೋಡೆಯನ್ನು ಕೆಳಗಿನಿಂದ ನೋಡಿ. ಬಲಗಡೆ ಉದ್ದಕಲ್ಲಿನ ಮೂತಿಗಳಷ್ಟೇ ಕಾಣುವ ಹಳೆಯ ಕೆಲಸ. ಎಡಗಡೆ ಕಲ್ಲುಗಳನ್ನು ಓರೆಯಾಗಿ ಒಂದರ ಸಂದಿಗೊಂದು ಇಳಿಬಿಟ್ಟದ್ದು, 1854ರ ದುರಸ್ತಿ. ನಡುವೆ ಇನ್ನೂರೈವತ್ತು ವರ್ಷ.

ತೆನ್‌ಶುವಿನೊಳಗಿನ ಮೆಟ್ಟಿಲಿನ ಓರೆ 62 ಡಿಗ್ರಿ. ಇಳಿಯುವಾಗ ಏಣಿ ಇಳಿದ ಹಾಗೆ ಗೋಡೆಗೆ ಮುಖ ಮಾಡಿ ಇಳಿಯಿರಿ. ಸೀರೆ, ಉದ್ದ ಲಂಗ ತೊಟ್ಟವರಿಗೆ ಇಲ್ಲಿ ಫಜೀತಿ. ಬಂದೂಕಿನ ಕಂಡಿಗಳಿಗೆ ಹೊರಗಿನಿಂದ ಗಾರೆ ಬಳಿದು ಮುಚ್ಚಿದ್ದಾರೆ. ಹೊರಗೆ ನಿಂತವನಿಗೆ ಬರೀ ಗೋಡೆ, ಒಳಗಿನವನು ಬೇಕಾದಾಗ ಒಡೆದುಕೊಳ್ಳುತ್ತಾನೆ. ಕೆಳಗೆ, ಪ್ರವೇಶದ್ವಾರದ ಬಳಿ ಕುದುರೆ ಲಾಯವಿದೆ. ಕೋಟೆಯೊಳಗಿನ ಲಾಯ ಉಳಿದಿರುವುದು ಜಪಾನಿನಲ್ಲಿ ಇದೊಂದೇ.

ಹಿಕೋನೆಯಿಂದ ಅಜೂಚಿಗೆ ಲೋಕಲ್ ರೈಲಿನಲ್ಲಿ ಸುಮಾರು 20 ನಿಮಿಷ. ಎಡವಟ್ಟಾಗುವುದು ಇಲ್ಲೇ. ಶಿನ್‌ಕೈಸೊಕು ಅಜೂಚಿಯಲ್ಲಿ ನಿಲ್ಲುವುದಿಲ್ಲ. ಅದರಲ್ಲಿ ಕೂತರೆ ಮುಂದಿನ ಓಮಿ-ಹಾಚಿಮಾನ್‌ಗೆ ಹೋಗಿ ಬೀಳುತ್ತೀರಿ. ನೊತೊಗಾವಾದಲ್ಲಿ ಇಳಿದು ಲೋಕಲ್ ಹಿಡಿಯಬೇಕು. ನಿಲ್ದಾಣದಿಂದ ಬೆಟ್ಟದ ಬುಡಕ್ಕೆ 25 ನಿಮಿಷ ನಡಿಗೆ, ನಿಲ್ದಾಣದೆದುರು ಬಾಡಿಗೆ ಸೈಕಲ್ ಸಿಗುತ್ತದೆ.

ಹಿದೆಯೋಶಿಯ ಒಡೆಯನಾಗಿದ್ದ ಸೇನಾಧಿಪತಿ ಒಡಾ ನೊಬುನಾಗಾ 1576ರಲ್ಲಿ ಇಲ್ಲಿ ಕೋಟೆ ಶುರು ಮಾಡಿದ, 1579ರಲ್ಲಿ ತೆನ್‌ಶು ಎದ್ದಿತು, 1582ರಲ್ಲಿ ಅವನು ಸತ್ತ ಕೆಲವೇ ದಿನಗಳಲ್ಲಿ ಸುಟ್ಟುಹೋಯಿತು. ಇದ್ದದ್ದು ಮೂರೇ ವರ್ಷ. ಆದರೂ ಎತ್ತರದ ಕಲ್ಲುಗೋಡೆ, ಹೆಂಚು, ಮೇಲೆ ಮೆರೆಯುವ ತೆನ್‌ಶು ಎಂಬ ಮಾದರಿ ಮುಂದಿನ ಕೋಟೆಗಳಿಗೆಲ್ಲ ಹೋದದ್ದು ಇಲ್ಲಿಂದಲೇ. 700 ಯೆನ್ ಕೊಟ್ಟು ಒಳಗೆ ಹೋದರೆ ಎದುರಿಗೆ ಒಂದು ವಿಚಿತ್ರ: ಸುಮಾರು 6 ಮೀಟರ್ ಅಗಲದ ಕಲ್ಲುಮೆಟ್ಟಿಲ ದಾರಿ, 180 ಮೀಟರಿನಷ್ಟು ಬಾಣ ಬಿಟ್ಟ ಹಾಗೆ ನೇರ. ದಾರಿಯನ್ನು ಸುತ್ತಿಸುವುದೇ ಕೋಟೆಯ ಪಾಠ ಎಂದು ಇಷ್ಟು ಹೊತ್ತು ಹೇಳಿದೆ. ಇಲ್ಲಿ ನೊಬುನಾಗಾ ಶತ್ರುವಿಗೆ ರಾಜಮಾರ್ಗ ಹಾಸಿದ್ದಾನೆ. ಚಕ್ರವರ್ತಿಯನ್ನು ಬರಮಾಡಿಕೊಳ್ಳಲು ಮಾಡಿದ ದಾರಿ ಎಂಬುದು ಬಲವಾದ ವಾದ. ಒಳಸುತ್ತಿನಲ್ಲಿ ಕ್ಯೋಟೋ ಅರಮನೆಯ ನಕ್ಷೆಯನ್ನು ಹೋಲುವ ಕಟ್ಟಡದ ಅಡಿಗಲ್ಲುಗಳು ಸಿಕ್ಕಿರುವುದು ಅದಕ್ಕೆ ಆಧಾರ. ಮೇಲೆ ಹೋದಂತೆ ದಾರಿ ಮುರಿದು ಮುರಿದು ತಿರುಗುತ್ತದೆ, ಕುರೊಗಾನೆ ಬಾಗಿಲಿನ ಬಳಿ ಎರಡು ಮಗ್ಗುಲಿನಿಂದಲೂ ದೊಡ್ಡ ಕಲ್ಲುಗಳು ಕವಿಯುತ್ತವೆ.

ಮೆಟ್ಟಿಲು ಹತ್ತುವಾಗ ಕಾಲಡಿ ನೋಡಿ. ಕೆಲವು ಮೆಟ್ಟಿಲುಗಳು ಮಲಗಿಸಿದ ಬುದ್ಧನ ಮೂರ್ತಿಗಳು. ಹಳೆಯ ಕಲ್ಲುಬುದ್ಧರನ್ನು ತಂದು ದಾರಿಗೆ ಹಾಸಿದ್ದಾರೆ. ಪಕ್ಕದಲ್ಲಿ ಚಿಕ್ಕ ಫಲಕವಿದೆ, ತುಳಿಯದೆ ದಾಟಿ. ತುದಿಯ ತೆನ್‌ಶು ಇದ್ದ ಜಾಗದಲ್ಲಿ ಸುಮಾರು 28 ಮೀಟರ್ ಚೌಕದ ಗುಂಡಿ, ಅದರಲ್ಲಿ 1.2 ಮೀಟರಿಗೊಂದರಂತೆ ಅಡಿಗಲ್ಲುಗಳ ಸಾಲು. ನಟ್ಟನಡುವೆ ಮಾತ್ರ ಕಲ್ಲಿಲ್ಲ. ಅಲ್ಲೇನಿತ್ತು ಎಂಬ ಜಗಳ ಇನ್ನೂ ಮುಗಿದಿಲ್ಲ. ಸುತ್ತಲೂ ಈಗ ಕಾಣುವ ಗದ್ದೆಬಯಲು ಆಗ ನೀರು. ಮೂರು ಕಡೆ ಸರೋವರ ಬೆಟ್ಟವನ್ನು ಮುಟ್ಟುತ್ತಿತ್ತು. ಇಡೀ ಬೆಟ್ಟಕ್ಕೆ ಸುಮಾರು 400 ಮೆಟ್ಟಿಲು. ಬಾಗಿಲ ಬಳಿ ಇಟ್ಟಿರುವ ಊರುಗೋಲು ತೆಗೆದುಕೊಳ್ಳಲು ನಾಚಬೇಡಿ, ಅದು ಬೇಕಾಗುವುದು ಇಳಿಯುವಾಗ.

ತಾಕೆದಾ ಬಗ್ಗೆ ಎಲ್ಲರೂ ಕೇಳುವುದು ಮೋಡದ ಚಿತ್ರ. ಹ್ಯೋಗೊದ ಒಳನಾಡಿನಲ್ಲಿ 353.7 ಮೀಟರ್ ಎತ್ತರದ ಬೆಟ್ಟದ ಮೇಲೆ ಉತ್ತರ ದಕ್ಷಿಣ 400 ಮೀಟರ್ ಚಾಚಿದ ಕಲ್ಲುಗೋಡೆಗಳು. 1600ರಲ್ಲೇ ಪಾಳುಬಿದ್ದ ಕೋಟೆ. ಹಗಲು ಬೆಚ್ಚಗಿದ್ದು ರಾತ್ರಿ ಆಕಾಶ ತಿಳಿಯಾಗಿ ನೆಲ ತಣಿದರೆ, ಗಾಳಿ ಬೀಸದಿದ್ದರೆ, ಮಾರುಯಾಮಾ ನದಿಯ ಕಣಿವೆಯಲ್ಲಿ ಮಂಜು ತುಂಬುತ್ತದೆ. ಸೆಪ್ಟೆಂಬರಿನಿಂದ ನವೆಂಬರ್, ಬೆಳಗಿನ ಜಾವದಿಂದ 8 ಗಂಟೆಯವರೆಗೆ. ಹಿಂದಿನ ರಾತ್ರಿ ಮೋಡ ಕವಿದಿದ್ದರೆ ಅಲಾರಂ ಇಡಬೇಡಿ. ದೊಡ್ಡ ತಪ್ಪು ತಿಳಿವಳಿಕೆ ಇನ್ನೊಂದು: ಮೋಡದಲ್ಲಿ ತೇಲುವ ಕೋಟೆ ಕೋಟೆಯಿಂದ ಕಾಣುವುದಿಲ್ಲ. ಆ ಚಿತ್ರ ತೆಗೆಯುವುದು ಕಣಿವೆಯಾಚೆಯ ಬೆಟ್ಟದಲ್ಲಿರುವ ರಿತ್ಸುಉನ್‌ಕ್ಯೋ ಎಂಬ ನೋಟದ ಜಾಗದಿಂದ. ಒಂದೇ ಬೆಳಿಗ್ಗೆ ಎರಡೂ ಕಡೆ ಮಂಜು ಸಿಗುವುದಿಲ್ಲ, ಒಂದನ್ನು ಆರಿಸಿಕೊಳ್ಳಿ. ಹಿಮೇಜಿಯಿಂದ ತೆರಾಮಾಯೆಯಲ್ಲಿ ರೈಲು ಬದಲಿಸಿ ಬರಬೇಕು, ಮೊದಲ ರೈಲಿಗೂ ಸೂರ್ಯ ಮೇಲೆ ಬಂದಿರುತ್ತಾನೆ. ಹಿಂದಿನ ರಾತ್ರಿಯೇ ತಾಕೆದಾ ಅಥವಾ ವಾದಾಯಾಮಾದಲ್ಲಿ ತಂಗುವುದು ಒಂದೇ ದಾರಿ. ನಿಲ್ದಾಣದ ಹಿಂದಿನ ಏರುದಾರಿ ಮುಕ್ಕಾಲು ಗಂಟೆ ಹಿಡಿಯುತ್ತದೆ, ಕಡಿದು. ತಲೆಗೆ ಕಟ್ಟುವ ದೀಪ ಬೇಕು. ಮೇಲೆ ಗೋಡೆಗಳ ಅಂಚಿಗೆ ಕಟಕಟೆ ಇಲ್ಲ. ಜನವರಿ 4ರಿಂದ ಫೆಬ್ರವರಿ ಮುಗಿಯುವವರೆಗೆ ಹಿಮದ ಕಾರಣ ಮುಚ್ಚಿರುತ್ತಾರೆ.

ಒಸಾಕಾದ ತೆನ್‌ಶು 1931ರ ಕಾಂಕ್ರೀಟು, ಒಳಗೆ ಲಿಫ್ಟು. ಸಾಲು ಉದ್ದವಿದ್ದರೆ ಬಿಟ್ಟುಬಿಡಿ, ನಷ್ಟವಿಲ್ಲ. ಸಕುರಾ ಬಾಗಿಲಿನೊಳಗಿನ ಆಕ್ಟೋಪಸ್ ಕಲ್ಲಿನ ಮುಖವೊಂದೇ ಸುಮಾರು 59 ಚದರ ಮೀಟರ್, ಒಂದು ಮನೆಯ ನೆಲದಷ್ಟು, ಅದನ್ನು ಬಿಡಬೇಡಿ. ಓತೆ ಬಾಗಿಲಿನ ಒಂದು ಕಂಬದ ಬುಡ ಕೊಳೆತು ಹೊಸ ಮರ ಬೆಸೆದಿದ್ದಾರೆ. ಎರಡು ಮುಖದಲ್ಲಿ ಬೆಸುಗೆ ಗುಡ್ಡದ ಆಕಾರ, ಇನ್ನೆರಡರಲ್ಲಿ ಬುಡ ಅಗಲವಾದ ಬೆಣೆಯ ಆಕಾರ. ಮೇಲಿನಿಂದಲೂ ಇಳಿಯದು, ಪಕ್ಕದಿಂದಲೂ ತೂರದು. ಕೊನೆಗೆ ಎಕ್ಸ್‌ರೇ ಹಿಡಿದು ನೋಡಿದಾಗ ಓರೆಯಾಗಿ ಜಾರಿಸಿ ಕೂರಿಸಿದ್ದೆಂದು ಗೊತ್ತಾಯಿತು. ಇನ್ನೊಂದು ಮುಖ್ಯ ವಿಷಯ: ನೀವು ನೋಡುವ ಗೋಡೆಗಳಾವುವೂ ಹಿದೆಯೋಶಿಯವಲ್ಲ. 1615ರಲ್ಲಿ ಅವನ ಕೋಟೆ ಬಿದ್ದ ಮೇಲೆ 1620ರಿಂದ ತೊಕುಗಾವಾದವರು ಅದರ ಮೇಲೆ ಮಣ್ಣು ಹೇರಿ ತಮ್ಮದನ್ನು ಕಟ್ಟಿದರು. ಹೂತುಹೋದ ಆ ಹಳೆಯ ಗೋಡೆಯ ಒಂದು ತುಂಡನ್ನು ನೆಲದಡಿಯಲ್ಲೇ ತೋರಿಸುವ ಸಂಗ್ರಹಾಲಯ 2025ರ ಏಪ್ರಿಲ್‌ನಲ್ಲಿ ತೆರೆದಿದೆ. ಮೇಲಿನ ಗೋಡೆಯ ನುಣುಪನ್ನೂ ಕೆಳಗಿನ ಗೋಡೆಯ ಒರಟನ್ನೂ ಒಂದೇ ಗಂಟೆಯಲ್ಲಿ ನೋಡಬಹುದು.

ಋತುವಿನ ಮಾತು. ಬೆಟ್ಟದ ಕೋಟೆಗಳಿಗೆ ಎಲೆ ಉದುರಿದ ಮೇಲಿನ ನವೆಂಬರ್ ಕೊನೆ, ಡಿಸೆಂಬರ್ ಆರಂಭ, ಇಲ್ಲವೇ ಮಾರ್ಚ್ ಒಳ್ಳೆಯದು. ಬೇಸಿಗೆಯಲ್ಲಿ ಗೋಡೆ ಹಸಿರಿನಲ್ಲಿ ಮುಳುಗಿರುತ್ತದೆ. ಆಗಸ್ಟಿನಿಂದ ಅಕ್ಟೋಬರ್‌ವರೆಗೆ ದೊಡ್ಡ ಕಣಜಗಳ ಕಾಟ, ಕಪ್ಪು ಬಟ್ಟೆಗೆ ಅವು ಎರಗುತ್ತವೆ. ಚೆರ್ರಿ ಹೂವಿನ ವಾರದಲ್ಲಿ ಹಿಮೇಜಿಗೆ 9ಕ್ಕೆ ಮೊದಲೇ ಸಾಲಿನಲ್ಲಿರಿ. ದೊಡ್ಡ ಬ್ಯಾಗು ನಿಲ್ದಾಣದ ಲಾಕರಿನಲ್ಲಿ ಹಾಕಿ, 100 ಯೆನ್ ನಾಣ್ಯಗಳು ಜೊತೆಗಿರಲಿ.

ಒಂದೇ ದಿನ ಇದ್ದರೆ ಏನು ನೋಡಬೇಕು? ಹಿಕೋನೆ ಬೆಳಿಗ್ಗೆ, ಅಜೂಚಿ ಮಧ್ಯಾಹ್ನ. ಬುತ್ತಿ ಹಿಕೋನೆಯಲ್ಲೇ ಕಟ್ಟಿಸಿಕೊಳ್ಳಿ. ಅಜೂಚಿ ಬೆಟ್ಟದ ಮೇಲೆ ಏನೂ ಸಿಗುವುದಿಲ್ಲ.